ಆ್ಯಪ್‌ನಲ್ಲಿ ‘4 ನಿಮಿಷ’, ರಸ್ತೆಯಲ್ಲಿ ಬಸ್ಸೇ ಇಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಬೆಳಿಗ್ಗೆ 8:10. ಸ್ಟಾಪಿನಲ್ಲಿ ನಿಂತಿದ್ದೀರಿ. ಬಸ್ಸಿಗೆ ‘4 ನಿಮಿಷ’ ಅಂತ ಆ್ಯಪ್ ಹೇಳುತ್ತದೆ. 8:14ಕ್ಕೂ ‘4 ನಿಮಿಷ’. 8:20ಕ್ಕೆ ‘2 ನಿಮಿಷ’. ಆಮೇಲೆ ಆ ಸಾಲೇ ಮಾಯ. ಬಸ್ ಬರಲಿಲ್ಲ.

ಇದನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು: ‘ಜಿಪಿಎಸ್ ಸರಿ ಇಲ್ಲ ರೀ.’ ನಾನೂ ಬಹಳ ದಿನ ಹಾಗೇ ಹೇಳುತ್ತಿದ್ದೆ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಬರೆಯತೊಡಗಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಜಿಪಿಎಸ್ ಪಾಪ, ಬಹಳ ಸಲ ತನ್ನ ಕೆಲಸ ಸರಿಯಾಗೇ ಮಾಡುತ್ತದೆ. ಬಸ್ ಎಲ್ಲಿದೆ ಅಂತ ಸರ್ವರ್‌ಗೆ ಗೊತ್ತಿರುತ್ತದೆ. ಅದು ಯಾವ ಟ್ರಿಪ್ಪಿನ ಬಸ್ ಅನ್ನುವುದು ಗೊತ್ತಿರುವುದಿಲ್ಲ.

ಬೆಂಗಳೂರಿನ ಬಸ್ಸುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಟ್ರ್ಯಾಕಿಂಗ್ ನಡೆಯುವ ರೀತಿ ಎಲ್ಲ ಊರಲ್ಲೂ ಹೆಚ್ಚೂ ಕಡಿಮೆ ಒಂದೇ. ಹಾಗಾಗಿ ಮೈಸೂರಲ್ಲಿ ಇದ್ದರೂ ಲಂಡನ್ನಿನಲ್ಲಿ ಇದ್ದರೂ ಇಲ್ಲಿಯ ಪರೀಕ್ಷೆಗಳು ನಡೆಯುತ್ತವೆ. ಬೇಕಾಗಿರುವುದು ಫೋನು, ಗಡಿಯಾರ, ಸ್ವಲ್ಪ ತಾಳ್ಮೆ.

ಮೊದಲು ಇದನ್ನು ತೀರ್ಮಾನಿಸಿ: ಟೈಮ್‌ಟೇಬಲ್ಲಾ, ಲೈವಾ?

‘4 ನಿಮಿಷ’ ಎರಡು ಕಡೆಯಿಂದ ಹುಟ್ಟಬಹುದು. ಒಂದು, ಟೈಮ್‌ಟೇಬಲ್. 8:14ಕ್ಕೆ ಬಸ್ ಇದೆ ಅಂತ ಪಟ್ಟಿಯಲ್ಲಿ ಬರೆದಿದೆ, ಈಗ 8:10, ಕಳೆದರೆ 4. ಇನ್ನೊಂದು, ಲೈವ್. ಬಸ್ಸಿನ ಡಿವೈಸ್ ತಾನಿರುವ ಜಾಗ ಕಳಿಸಿದೆ, ಅಲ್ಲಿಂದ ಇಲ್ಲಿಗೆ 4 ನಿಮಿಷ ಬೇಕು ಅಂತ ಸರ್ವರ್ ಲೆಕ್ಕ ಹಾಕಿದೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅರ್ಧ ಗೊಂದಲ ಇಲ್ಲೇ ಶುರು.

ಕಂಡುಹಿಡಿಯುವುದು ಸುಲಭ. ಮೂರು ನಿಮಿಷ ಆ ಅಂಕಿಯನ್ನೇ ನೋಡುತ್ತಿರಿ. ಟೈಮ್‌ಟೇಬಲ್ ಅಂಕಿ ಗಡಿಯಾರದ ಜೊತೆ ಸರಿಯಾಗಿ ಇಳಿಯುತ್ತದೆ. 4, 3, 2, 1. ಟ್ರಾಫಿಕ್ ಇದ್ದರೂ ಅಷ್ಟೇ, ಮಳೆ ಬಂದರೂ ಅಷ್ಟೇ. ಸೊನ್ನೆಗೆ ಬಂದು ಸದ್ದಿಲ್ಲದೆ ಮಾಯವಾಗುತ್ತದೆ. ಲೈವ್ ಅಂಕಿ ಹಾಗಲ್ಲ, ಅದು ತಡವರಿಸುತ್ತದೆ. 4ರಿಂದ 5ಕ್ಕೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ, ಇದ್ದಕ್ಕಿದ್ದ ಹಾಗೆ 2 ಆಗುತ್ತದೆ. ಅಂಕಿ ತೀರಾ ಶಿಸ್ತಾಗಿ ಇಳಿಯುತ್ತಿದ್ದರೆ ಅದನ್ನು ನಂಬಬೇಡಿ. ಗೂಗಲ್ ಮ್ಯಾಪ್ಸ್ ಥರದ ಕೆಲವು ಆ್ಯಪ್‌ಗಳು ಲೈವ್ ಸಮಯದ ಪಕ್ಕ ಪುಟ್ಟ ಸಿಗ್ನಲ್ ಗುರುತು ಹಾಕುತ್ತವೆ. ಆ ಗುರುತು ಇಲ್ಲದಿದ್ದರೆ ನೀವು ನೋಡುತ್ತಿರುವುದು ಬರೀ ಪಟ್ಟಿ.

ಎರಡೂ ಬೆರೆತುಹೋಗಲು ಒಂದು ಹಳೆಯ ಕಾರಣವಿದೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ ಬಸ್ ವೇಳಾಪಟ್ಟಿಯನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಒಂದು ಸರಳ ರೂಪಕ್ಕೆ ತಂದವು. ಅದೇ ಜಿಟಿಎಫ್‌ಎಸ್. ಅದರಲ್ಲಿ ಇರುವುದು ಪಟ್ಟಿ ಮಾತ್ರ. ಲೈವ್ ಮಾಹಿತಿಯ ಭಾಗ ಬಂದದ್ದು 2011ರಲ್ಲಿ, ಪಟ್ಟಿಯ ಮೇಲೆ ಹೊದಿಸಿದ ಇನ್ನೊಂದು ಪದರದ ಹಾಗೆ. ಮೇಲಿನ ಪದರ ಹರಿದರೆ ಕೆಳಗಿನ ಪಟ್ಟಿ ಕಾಣುತ್ತದೆ. ಬಹಳ ಆ್ಯಪ್‌ಗಳು ‘ಲೈವ್ ಕಡಿದುಹೋಗಿದೆ’ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ಪಟ್ಟಿ ತೋರಿಸುತ್ತವೆ. ಡಿಪೋದಿಂದ ಹೊರಡದೇ ಇರುವ ಬಸ್ಸೂ ಆಗ ನಿಮ್ಮ ಕಡೆ ಬರುತ್ತಿರುವ ಹಾಗೆ ಕಾಣುತ್ತದೆ. ನಾನು ಅದಕ್ಕೆ ದೆವ್ವದ ಬಸ್ ಅನ್ನುತ್ತೇನೆ.

ದೆವ್ವದ ಬಸ್ ಅಂತ ಅನುಮಾನ ಬಂದರೆ ಮ್ಯಾಪ್ ತೆರೆಯಿರಿ. ಬಸ್ಸಿನ ಗುರುತಿನ ಮೇಲೆ ಒತ್ತಿದಾಗ ನಂಬರ್ ಪ್ಲೇಟ್ ಕಂಡರೆ ನಿಜವಾದ ಬಸ್. ಗುರುತೇ ಇಲ್ಲ, ಬರೀ ನಿಮಿಷ ಮಾತ್ರ ಇದೆ ಅಂದರೆ ದೆವ್ವ. ಸ್ಟಾಪ್ ಪಕ್ಕದ ಅಂಗಡಿಯವರನ್ನೂ ಒಂದು ಮಾತು ಕೇಳಿ. ‘ಆ ಟ್ರಿಪ್ ಈ ನಡುವೆ ಕಟ್ ಆಗಿದೆ’ ಅನ್ನುವ ಸುದ್ದಿ ಅವರಿಗೆ ಸರ್ವರ್‌ಗಿಂತ ಮೊದಲೇ ಗೊತ್ತಿರುತ್ತದೆ.

ಬೈಯುವ ಮೊದಲು ಫೋನು, ಸ್ಟಾಪು

ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಬ್ಯಾಟರಿ ಸೇವರ್ ಆನ್ ಇದ್ದರೆ ತೆಗೆಯಿರಿ, ಕೆಲವು ಫೋನ್‌ಗಳಲ್ಲಿ ಅದರಿಂದ ಪರದೆ ಹಳೆಯದರಲ್ಲೇ ನಿಂತಿರುತ್ತದೆ. ಡೇಟಾ ಇದೆಯಾ ನೋಡಿ. ಫೋನಿನ ಗಡಿಯಾರ ತಾನಾಗೇ ಹೊಂದಿಕೊಳ್ಳುವ ಹಾಗೆ ಇರಲಿ. ಇಷ್ಟು ಸಾಕು.

ಸ್ಟಾಪಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಒಂದೇ ಹೆಸರಿನ ಸ್ಟಾಪ್ ರಸ್ತೆಯ ಎರಡೂ ಕಡೆ ಇರುತ್ತದೆ. ಆ್ಯಪ್‌ಗೆ ಅವು ಎರಡು ಬೇರೆ ಬೇರೆ ಸ್ಟಾಪ್. ಔಟರ್ ರಿಂಗ್ ರೋಡಿನಲ್ಲಿ ನಾನು ಒಂದು ಸಂಜೆ ಹೆಬ್ಬಾಳದ ಕಡೆಗಿನ ಸ್ಟಾಪನ್ನು ಆರಿಸಿಕೊಂಡು ಸಿಲ್ಕ್ ಬೋರ್ಡ್ ಕಡೆಗಿನ ಸ್ಟಾಪಿನಲ್ಲಿ ನಿಂತಿದ್ದೆ. ಬಸ್ಸುಗಳು ಆ್ಯಪ್ ಹೇಳಿದ ಸಮಯಕ್ಕೇ ಬಂದವು, ಎದುರುಗಡೆ. ನಾನು ಅವಕ್ಕೆ ಬೆನ್ನು ಹಾಕಿ ನಿಂತು ಆ್ಯಪ್‌ಗೆ ಶಾಪ ಹಾಕುತ್ತಿದ್ದೆ. ಹಾಗಾಗಿ ಸ್ಟಾಪಿನ ಹೆಸರಿನ ಕೆಳಗೆ ‘ಕಡೆಗೆ’ ಅಂತ ಏನು ಬರೆದಿದೆ ಅನ್ನುವುದನ್ನು ಮೊದಲು ಓದಿ.

ರೂಟ್ ನಂಬರಿನ ಬಾಲವನ್ನೂ ನೋಡಿ. 500-ಡಿ ಬೇರೆ, 500-ಸಿ ಬೇರೆ. ಕೆಲವು ಆ್ಯಪ್‌ಗಳಲ್ಲಿ ನಡುವಿನ ಗೀಟು ಬಿಟ್ಟು ಹುಡುಕಿದರೆ ಏನೂ ಸಿಗದೇ ಇರಬಹುದು.

ಬಸ್ಸಿನಿಂದ ನಿಮ್ಮ ಕೈವರೆಗೆ

ಅಂಕಿ ಲೈವ್ ಅಂತ ಖಚಿತವಾಯಿತು, ಆದರೂ ತಪ್ಪು. ಈಗ ದಾರಿ ನೋಡೋಣ. ಬಸ್ಸಿನ ಡಿವೈಸ್ ಉಪಗ್ರಹಗಳಿಂದ ತನ್ನ ಜಾಗ ತಿಳಿಯುತ್ತದೆ. ಒಳಗಿರುವ ಸಿಮ್ ಮೂಲಕ ಅದನ್ನು ಸರ್ವರ್‌ಗೆ ಕಳಿಸುತ್ತದೆ. ‘ಈ ಬಸ್ ಇವತ್ತು ಇಂಥ ಟ್ರಿಪ್ ಓಡಿಸುತ್ತಿದೆ’ ಅಂತ ಸರ್ವರ್ ಜೋಡಿಸುತ್ತದೆ. ಆಮೇಲೆ ಮುಂದಿನ ಸ್ಟಾಪ್‌ಗಳಿಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡುತ್ತದೆ. ಆ ಅಂದಾಜು ಆ್ಯಪ್‌ಗೆ ಬರುತ್ತದೆ. ಐದು ಕೊಂಡಿ. ಯಾವುದು ಕಳಚಿದರೂ ಕೊನೆಗೆ ನಿಮಗೆ ಕಾಣುವುದು ತಪ್ಪು ನಿಮಿಷವೇ. ಆದರೆ ಒಂದೊಂದು ಕೊಂಡಿ ಕಳಚುವ ರೀತಿ ಬೇರೆ ಬೇರೆ.

ಮ್ಯಾಪಿನಲ್ಲಿ ಬಸ್ ಅಲ್ಲಾಡುತ್ತಲೇ ಇಲ್ಲ

ಇದು ಡಿವೈಸ್ ಅಥವಾ ನೆಟ್‌ವರ್ಕ್. ಬಸ್ಸಿನ ಗುರುತಿನ ಮೇಲೆ ಒತ್ತಿ, ‘ಕೊನೆಯ ಅಪ್‌ಡೇಟ್’ ಎಷ್ಟು ಹೊತ್ತಿನ ಹಿಂದಿನದು ನೋಡಿ. ಲೈವ್ ಜಿಟಿಎಫ್‌ಎಸ್ ಮಾಹಿತಿಯನ್ನು ಕನಿಷ್ಠ 30 ಸೆಕೆಂಡಿಗೊಮ್ಮೆ ಹೊಸದು ಮಾಡಬೇಕು, ಬಸ್ಸಿನ ಜಾಗ 90 ಸೆಕೆಂಡಿಗಿಂತ ಹಳೆಯದಿರಬಾರದು ಅನ್ನುವುದು ಒಪ್ಪಿತ ಶಿಫಾರಸು. ನಾನು ಇದಕ್ಕೆ ಒಂದು ಒರಟು ನಿಯಮ ಮಾಡಿಕೊಂಡಿದ್ದೇನೆ: ಎರಡು ನಿಮಿಷದವರೆಗೆ ನಂಬುತ್ತೇನೆ, ಐದು ನಿಮಿಷ ದಾಟಿದರೆ ಆ ಬಸ್ಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದರೆ ಒಂದು ಸಣ್ಣ ತಿರುವಿದೆ. ಅಪ್‌ಡೇಟ್ ಈಗಷ್ಟೇ ಬಂದಿದೆ, ಆದರೂ ಬಸ್ ನಿಂತಲ್ಲೇ ನಿಂತಿದೆ ಅಂದರೆ ಅದು ನಿಜವಾಗಿಯೂ ನಿಂತಿದೆ. ಸಿಗ್ನಲ್ ಇರಬಹುದು, ಟಯರ್ ಪಂಕ್ಚರ್ ಆಗಿರಬಹುದು. ಅದನ್ನು ಟ್ರ್ಯಾಕಿಂಗ್ ದೋಷದ ಲೆಕ್ಕಕ್ಕೆ ಸೇರಿಸಬೇಡಿ.

ಬಸ್ ಹಾರುತ್ತದೆ, ಓಡುತ್ತದೆ, ಪಕ್ಕದ ರಸ್ತೆಗೆ ಜಿಗಿಯುತ್ತದೆ

ಇದರಲ್ಲಿ ಮೂರು ಬಗೆ.

ಮೊದಲನೆಯದು ನೋಡಲು ಮಜಾ. ಬಸ್ ಹತ್ತು ನಿಮಿಷ ಒಂದೇ ಕಡೆ ನಿಂತಿರುತ್ತದೆ. ಆಮೇಲೆ ರಾಕೆಟ್ ಥರ ನಾಲ್ಕು ಸ್ಟಾಪ್ ದಾಟುತ್ತದೆ. ಡ್ರೈವರ್ ತಪ್ಪೇನೂ ಇಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಡಿವೈಸ್ ತನ್ನ ಜಾಗಗಳನ್ನು ಒಳಗೇ ಕೂಡಿಟ್ಟುಕೊಂಡು, ಸಿಗ್ನಲ್ ಸಿಕ್ಕ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಭಾರತದಲ್ಲಿ ಸಾರ್ವಜನಿಕ ವಾಹನಗಳ ಟ್ರ್ಯಾಕಿಂಗ್ ಡಿವೈಸ್‌ಗಳಿಗೆ ಇರುವ ಎಐಎಸ್-140 ಮಾನದಂಡವೇ ಹೀಗೆ ಕೂಡಿಡಬೇಕು ಅನ್ನುತ್ತದೆ. 2019ರ ಜನವರಿ 1ರಿಂದ ನೋಂದಣಿಯಾದ ಹೊಸ ಬಸ್ಸುಗಳಿಗೆ ಇಂಥ ಡಿವೈಸ್ ಮತ್ತು ತುರ್ತು ಬಟನ್ ಕಡ್ಡಾಯ. ಕೂಡಿಡುವುದು ಒಳ್ಳೆಯದೇ, ಆಮೇಲೆ ತನಿಖೆಗೆ ಬೇಕಾಗುತ್ತದೆ. ಆದರೆ ಹಳೆಯ ಜಾಗ ಯಾವುದು, ಈಗಿನ ಜಾಗ ಯಾವುದು ಅಂತ ಸರ್ವರ್ ಬೇರ್ಪಡಿಸದಿದ್ದರೆ ಮ್ಯಾಪಿನಲ್ಲಿ ಈ ರಾಕೆಟ್ ಆಟ ಶುರುವಾಗುತ್ತದೆ. ಎರಡು ನಿಮಿಷ ಕಾಯಿರಿ. ರಾಕೆಟ್ ನಿಂತ ಮೇಲೆ ಕಾಣುವ ಜಾಗವೇ ನಿಜ.

ಎರಡನೆಯದು ಎತ್ತರದ ಕಟ್ಟಡಗಳ ನಡುವೆ ಆಗುವುದು. ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಬಳಸಿಕೊಂಡು ಬರುತ್ತದೆ. ಬಯಲಿನಲ್ಲಿ ಕೆಲವೇ ಮೀಟರ್ ಇರುವ ತಪ್ಪು ಅಲ್ಲಿ ಹತ್ತಾರು ಮೀಟರ್ ಆಗುತ್ತದೆ. ಬಸ್ ಪಕ್ಕದ ರಸ್ತೆಯಲ್ಲಿ ಕಾಣುತ್ತದೆ. ಲಂಡನ್ನಿನ ಬಸ್ಸುಗಳಲ್ಲಿ ಇದಕ್ಕಾಗಿಯೇ ಉಪಗ್ರಹದ ಜೊತೆ ಚಕ್ರ ಎಷ್ಟು ಉರುಳಿತು, ಬಸ್ ಯಾವ ಕಡೆ ತಿರುಗಿತು ಅನ್ನುವುದನ್ನೂ ಅಳೆಯುವ ಏರ್ಪಾಡು ಇದೆ. ಪ್ರಯಾಣಿಕರಿಗೆ ಇದು ದೊಡ್ಡ ತಲೆನೋವಲ್ಲ, ಬಿಡಿ. ನಿಮಿಷದ ಲೆಕ್ಕದಲ್ಲಿ ವ್ಯತ್ಯಾಸ ಕಡಿಮೆ.

ಮೂರನೆಯದು ನಮ್ಮ ಊರಿಗೆ ಹೇಳಿ ಮಾಡಿಸಿದ್ದು: ಫ್ಲೈಓವರ್. ಹೊಸೂರು ರಸ್ತೆಯನ್ನೇ ತಗೊಳ್ಳಿ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಒಂಬತ್ತು-ಹತ್ತು ಕಿಲೋಮೀಟರಿನ ಮೇಲ್ಸೇತುವೆ 2010ರಲ್ಲಿ ತೆರೆಯಿತು. ಕೆಳಗೆ ಕೂಡ್ಲು ಗೇಟ್, ಸಿಂಗಸಂದ್ರದ ಸ್ಟಾಪ್‌ಗಳಿವೆ. ಮೇಲೆ ಹೋಗುವ ಬಸ್ಸಿಗೂ ಕೆಳಗೆ ಹೋಗುವ ಬಸ್ಸಿಗೂ ಮ್ಯಾಪಿನಲ್ಲಿ ಒಂದೇ ಜಾಗ. ಎತ್ತರದ ಅಳತೆಯೂ ಉಪಗ್ರಹದಿಂದ ಸಿಗುತ್ತದೆ. ಆದರೆ ಅದರಲ್ಲಿ ತಪ್ಪು ಜಾಸ್ತಿ, ಒಂದು ಸೇತುವೆಯ ಎತ್ತರ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಆಗ ಬಸ್ ‘ಕೂಡ್ಲು ಗೇಟ್‌ಗೆ ಬಂದಿದೆ’ ಅಂತ ಆ್ಯಪ್ ಹೇಳುತ್ತದೆ. ಅದು ನಿಮ್ಮ ತಲೆಯ ಮೇಲೆ ಹಾದುಹೋಗುತ್ತಿರುತ್ತದೆ. ಇಂಥ ಕಡೆ ನಿಮಿಷ ನೋಡಬೇಡಿ. ಬಸ್ ‘ಫ್ಲೈಓವರ್ ಮೇಲೆ’ ಹೋಗುವುದಾ ಅಂತ ಬೋರ್ಡಿನಲ್ಲಿ ಓದಿ, ಇಲ್ಲವೇ ಹಿಂದಿನ ಬಸ್ಸಿನ ಕಂಡಕ್ಟರ್ ಹತ್ತಿರ ಕೇಳಿ.

ಜಾಗ ಸರಿ, ಹೆಸರು ತಪ್ಪು

ನನ್ನ ನೋಟ್‌ಬುಕ್ ತುಂಬ ಇದೇ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಡಿವೈಸ್ ಅಂಟಿಕೊಂಡಿರುವುದು ಬಸ್ಸಿಗೆ. ರೂಟ್ ಅಂಟಿಕೊಂಡಿರುವುದು ಶೆಡ್ಯೂಲ್‌ಗೆ, ಅಂದರೆ ಒಂದು ಬಸ್ ಒಂದು ದಿನದಲ್ಲಿ ಓಡಬೇಕಾದ ಟ್ರಿಪ್‌ಗಳ ಪಟ್ಟಿಗೆ. ಬಸ್ಸಿಗೆ ತನ್ನ ರೂಟ್ ಗೊತ್ತಿಲ್ಲ. ಕೆಎ-57-ಎಫ್ ಅಂತ ಶುರುವಾಗುವ ಪ್ಲೇಟಿನ ಯಾವುದೋ ಬಸ್ ಇವತ್ತು ಮಾರ್ಕೆಟ್‌ಗೆ ಹೋಗಬಹುದು, ನಾಳೆ ಕಾಡುಗೋಡಿಗೆ. ಬೆಳಿಗ್ಗೆ ಡಿಪೋದಲ್ಲಿ ಯಾವ ಶೆಡ್ಯೂಲ್‌ಗೆ ಯಾವ ಬಸ್, ಯಾವ ಡ್ರೈವರ್, ಯಾವ ಕಂಡಕ್ಟರ್ ಅಂತ ಹಂಚುತ್ತಾರೆ. ಆ ಹಂಚಿಕೆ ಕಂಪ್ಯೂಟರ್‌ಗೆ ಹೋಗಬೇಕು. ಆಗ ಮಾತ್ರ ಸರ್ವರ್ ಜಾಗವನ್ನೂ ಟ್ರಿಪ್ಪನ್ನೂ ಜೋಡಿಸಬಲ್ಲದು.

ಈಗ ಬೆಳಗಿನ ಜಾವದ ಡಿಪೋ ಕಣ್ಣಮುಂದೆ ತಂದುಕೊಳ್ಳಿ. ಒಂದು ಬಸ್ ಸ್ಟಾರ್ಟ್ ಆಗುತ್ತಿಲ್ಲ. ಡ್ರೈವರ್ ಕೆಳಗಿಳಿದು ಪಕ್ಕದ ಬಸ್ ತೆಗೆದುಕೊಂಡು ಹೊರಡುತ್ತಾರೆ. ಅವರು ಮಾಡಿದ್ದು ಸರಿ, ಜನ ಕಾಯುತ್ತಿರುತ್ತಾರಲ್ಲ. ಆದರೆ ಕಂಪ್ಯೂಟರಿನಲ್ಲಿ ಹಳೆಯ ಬಸ್ಸಿನ ನಂಬರೇ ಉಳಿದಿದ್ದರೆ ಏನಾಗುತ್ತದೆ? ಓಡುತ್ತಿರುವ ಬಸ್ಸಿಗೆ ಹೆಸರಿಲ್ಲ. ಹೆಸರಿರುವ ಬಸ್ ಡಿಪೋದಲ್ಲೇ ನಿಂತಿದೆ. ಆ್ಯಪ್ ಪ್ರಕಾರ ನಿಮ್ಮ ಬಸ್ ಡಿಪೋದಲ್ಲಿ ಮಲಗಿದೆ, ನಿಮ್ಮ ಕಣ್ಣೆದುರು ಮಾತ್ರ ಅದೇ ರೂಟಿನ ಬಸ್ ಬಂದು ನಿಲ್ಲುತ್ತದೆ. ದಾರಿಯಲ್ಲಿ ಬಸ್ ಕೆಟ್ಟು ಬೇರೆ ಬಸ್ ಕಳಿಸಿದಾಗಲೂ ಇದೇ ಕಥೆ.

ಇನ್ನೊಂದು ರೂಪ: ಬಸ್ ಸರಿ, ಟ್ರಿಪ್ ತಪ್ಪು. ಒಂದು ಶೆಡ್ಯೂಲ್‌ನಲ್ಲಿ ಹೋಗುವ ಟ್ರಿಪ್, ಬರುವ ಟ್ರಿಪ್, ಕೆಲವೊಮ್ಮೆ ಬೇರೆ ರೂಟಿನ ಟ್ರಿಪ್ಪೂ ಇರುತ್ತವೆ. ಬಸ್ ಒಂದು ಗಂಟೆ ತಡವಾಗಿದ್ದರೆ ಸರ್ವರ್ ಗಡಿಯಾರ ನೋಡಿಕೊಂಡು ‘ಇಷ್ಟು ಹೊತ್ತಿಗೆ ಇದು ವಾಪಸ್ ಬರುವ ಟ್ರಿಪ್ಪಿನಲ್ಲಿರಬೇಕು’ ಅಂತ ತೀರ್ಮಾನಿಸಬಹುದು. ಮ್ಯಾಪಿನಲ್ಲಿ ಬಸ್ ನಿಮ್ಮಿಂದ ದೂರ ಹೋಗುತ್ತಿರುತ್ತದೆ, ನಿಮಿಷ ಮಾತ್ರ ಕಡಿಮೆಯಾಗುತ್ತಿರುತ್ತದೆ. ಬಾಣ ಒಂದು ಕಡೆ, ಅಂಕಿ ಒಂದು ಕಡೆ ಹೋದರೆ ಇದೇ ದೋಷ. ಬೇರೆ ಯಾವುದರಲ್ಲೂ ಈ ಲಕ್ಷಣ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಪರೀಕ್ಷೆ ಸರಳ. ಆ್ಯಪ್ ತೋರಿಸುವ ಪ್ಲೇಟ್ ನಂಬರ್ ಬರೆದುಕೊಳ್ಳಿ. ಎದುರಿಗೆ ಬಂದ ಬಸ್ಸಿನ ನಂಬರ್ ನೋಡಿ. ಕೊನೆಯ ನಾಲ್ಕು ಅಂಕಿ ಸಾಕು. ಎರಡೂ ಒಂದೇ ಆದರೆ ಜೋಡಣೆ ಸರಿ. ಬೇರೆ ಆದರೆ ಅಥವಾ ಬಂದ ಬಸ್ ಆ್ಯಪ್‌ನಲ್ಲೇ ಇಲ್ಲದಿದ್ದರೆ ತಪ್ಪು ಡಿಪೋದ ಹಂಚಿಕೆಗೂ ಸರ್ವರ್‌ಗೂ ನಡುವೆ ಇದೆ. ಆಗ ಹೊಸ ಡಿವೈಸ್ ಹಾಕಿದರೂ ಪ್ರಯೋಜನವಿಲ್ಲ.

ಎಲ್ಲ ಸರಿ, ನಿಮಿಷ ಮಾತ್ರ ಸುಳ್ಳು

ಜಾಗ ಸರಿ, ಪ್ಲೇಟ್ ಸರಿ, ದಿಕ್ಕು ಸರಿ. ಆದರೂ ‘6 ನಿಮಿಷ’ ಅಂದದ್ದು 20 ಆಯಿತು. ಇದು ಅಂದಾಜಿನ ದೋಷ. ಸಿಲ್ಕ್ ಬೋರ್ಡ್ ಜಂಕ್ಷನ್ ನಡುವೆ ಇದ್ದರೆ ಯಾವ ಲೆಕ್ಕಕ್ಕೂ ಬೆವರು ಬರುತ್ತದೆ. ನ್ಯೂಯಾರ್ಕ್ ನಗರ 2011ರಲ್ಲಿ ಬ್ರೂಕ್ಲಿನ್‌ನ ಒಂದು ರೂಟಿನಲ್ಲಿ ಬಸ್ ಟ್ರ್ಯಾಕಿಂಗ್ ಶುರು ಮಾಡಿದಾಗ ನಿಮಿಷ ತೋರಿಸಲೇ ಇಲ್ಲ. ಬಸ್ ಎಷ್ಟು ಸ್ಟಾಪ್ ಹಿಂದೆ ಇದೆ ಅಂತ ಮಾತ್ರ ಹೇಳುತ್ತಿತ್ತು. ನನಗೆ ಅದು ಬಹಳ ಪ್ರಾಮಾಣಿಕ ಅನ್ನಿಸುತ್ತದೆ. ನೀವೂ ಹಾಗೇ ಮಾಡಿ. ಜಂಕ್ಷನ್‌ನಿಂದ ಆಚೆ ಇರುವ ಬಸ್ಸಿನ ನಿಮಿಷ ಮರೆತು, ಜಂಕ್ಷನ್ ದಾಟಿದೆಯಾ ಇಲ್ವಾ ಅಷ್ಟನ್ನೇ ನೋಡಿ.

ನಿಮ್ಮ ಸ್ಟಾಪ್ ಬಸ್ ಹೊರಡುವ ಜಾಗದಿಂದ ಎರಡು ಮೂರು ಸ್ಟಾಪ್ ಆಚೆ ಇದ್ದರೆ ಇನ್ನೊಂದು ತಮಾಷೆ ನೋಡಬಹುದು. ಬಸ್ ಮೆಜೆಸ್ಟಿಕ್ಕಿನಲ್ಲಿ ನಿಂತಿದೆ. ಹೊರಡುವ ಸಮಯ 8:05. 8:12 ಆದರೂ ಡ್ರೈವರ್ ಟೀ ಕುಡಿಯುತ್ತಿದ್ದಾರೆ. ‘ಇನ್ನೇನು ಹೊರಟಿತು’ ಅಂತ ಸರ್ವರ್ ಅಂದುಕೊಳ್ಳುತ್ತಲೇ ಇದೆ. ಮೊದಲು ಹೇಳಿದ ‘4 ನಿಮಿಷ’ ಅಲ್ಲೇ ನಿಂತು ಹೋಗುವುದು ಬಹಳ ಸಲ ಹೀಗೆ. ಬಸ್ ಹೊರಡುವ ನಿಲ್ದಾಣದಲ್ಲೇ ಇದ್ದರೆ ಆ ಅಂಕಿಗೆ ಬೆಲೆ ಕೊಡಬೇಡಿ.

ಪಟ್ಟಿಯೇ ತಪ್ಪಾಗಿದ್ದರೆ

ನಮ್ಮ ಸಾರಿಗೆ ನೌಕರರ ಬಾಯಲ್ಲಿ ‘ನಮೂನೆ-4’ ಅನ್ನುವ ಮಾತು ಕೇಳಿರಬಹುದು. ಶೆಡ್ಯೂಲ್‌ನ ಟ್ರಿಪ್‌ಗಳು, ಅವಕ್ಕೆ ಕೊಟ್ಟ ಸಮಯ ಅದರಲ್ಲಿರುತ್ತವೆ. ರಸ್ತೆಯಲ್ಲಿ ಒಂದೂವರೆ ಗಂಟೆ ಬೇಕಾದ ಕಡೆ ಅದರಲ್ಲಿ ಒಂದು ಗಂಟೆ ಹತ್ತು ನಿಮಿಷ ಇದ್ದರೆ, ಬಸ್ ಪ್ರತಿ ದಿನವೂ ತಡ. ಡ್ರೈವರ್ ಏನು ಮಾಡಿದರೂ ತಡ. ಇದನ್ನು ಗುರುತಿಸುವುದು ಹೀಗೆ: ತಡ ಪ್ರತಿ ದಿನ ಹೆಚ್ಚೂ ಕಡಿಮೆ ಅಷ್ಟೇ ಇರುತ್ತದೆ, ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಇರುವುದಿಲ್ಲ, ದಿನ ಕಳೆದ ಹಾಗೆ ಬೆಳೆಯುತ್ತದೆ.

ಹಬ್ಬದ ದಿನ, ಭಾನುವಾರ ತಪ್ಪು ಬಂದರೆ ದಿನಗಳ ಪಟ್ಟಿಯಲ್ಲಿ ಲೋಪ. ರಾತ್ರಿ ಕೊನೆಯ ಬಸ್ ಮಾತ್ರ ಕಾಣದಿದ್ದರೆ ಮಧ್ಯರಾತ್ರಿಯ ಲೆಕ್ಕ ನೋಡಬೇಕು. ಜಿಟಿಎಫ್‌ಎಸ್‌ನಲ್ಲಿ ರಾತ್ರಿ 12:20ರ ಬಸ್ಸನ್ನು ಹಿಂದಿನ ದಿನದ ಸೇವೆಗೆ ಸೇರಿಸಿ 24:20 ಅಂತ ಬರೆಯುತ್ತಾರೆ. ಇದನ್ನು ಸರಿಯಾಗಿ ಓದದ ಆ್ಯಪ್ ಆ ಬಸ್ಸನ್ನು ನುಂಗಿಬಿಡುತ್ತದೆ.

ಮೂರು ಬಸ್ ಒಟ್ಟಿಗೆ ಬಂದರೆ

ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಸಾಲಾಗಿ ಮೂರು. ಆ್ಯಪ್‌ನಲ್ಲೂ ಮೂರೂ ಒಂದರ ಮೇಲೊಂದು ಕೂತಿದ್ದರೆ ಟ್ರ್ಯಾಕಿಂಗ್ ಚೆನ್ನಾಗಿದೆ ಅಂತಲೇ ಅರ್ಥ. ತಡವಾದ ಬಸ್ಸಿಗೆ ಸ್ಟಾಪಿನಲ್ಲಿ ಜಾಸ್ತಿ ಜನ ಕಾಯುತ್ತಿರುತ್ತಾರೆ, ಹತ್ತಲು ಹೊತ್ತು ಹಿಡಿಯುತ್ತದೆ, ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. 1964ರಲ್ಲೇ ನ್ಯೂವೆಲ್ ಮತ್ತು ಪಾಟ್ಸ್ ಅನ್ನುವ ಸಂಶೋಧಕರು ಇದರ ಲೆಕ್ಕ ಬರೆದಿಟ್ಟರು. ಆ್ಯಪ್ ಸರಿಪಡಿಸಿದರೆ ಇದು ಹೋಗುವುದಿಲ್ಲ. ನಿಮ್ಮ ಮಟ್ಟಿಗೆ ಒಂದೇ ಉಪಾಯ: ಮೊದಲನೆಯದಕ್ಕೆ ನುಗ್ಗಬೇಡಿ, ಮೂರನೆಯದರಲ್ಲಿ ಸೀಟ್ ಇರುತ್ತದೆ.

ದೂರು ಬರೆಯುವಾಗ

‘ಆ್ಯಪ್ ಸರಿ ಇಲ್ಲ’ ಅಂತ ಬರೆದರೆ ಯಾರೂ ಏನೂ ಮಾಡಲಾರರು. ಸ್ಟಾಪಿನ ಹೆಸರು, ಯಾವ ಕಡೆಗೆ, ಬಾಲದ ಸಮೇತ ರೂಟ್ ನಂಬರ್, ತಾರೀಖು, ಆ್ಯಪ್ ಹೇಳಿದ ಸಮಯ, ಬಸ್ ಬಂದ ಸಮಯ ಬರೆಯಿರಿ. ಆ್ಯಪ್ ತೋರಿಸಿದ ಪ್ಲೇಟ್ ಮತ್ತು ನಿಜವಾಗಿ ಬಂದ ಪ್ಲೇಟ್ ಎರಡನ್ನೂ ಹಾಕಿ. ಗಡಿಯಾರ ಕಾಣುವ ಸ್ಕ್ರೀನ್‌ಶಾಟ್ ಇರಲಿ. ನಾನು ಒಮ್ಮೆ ಇಷ್ಟೂ ಬರೆದು ಕಳಿಸಿದ ಮೇಲೆ ‘ಯಾವ ದಿನ, ಯಾವ ಬಸ್’ ಅಂತ ವಾಪಸ್ ಕೇಳುವ ಮೆಸೇಜ್ ಬರಲಿಲ್ಲ. ಅಷ್ಟರ ಮಟ್ಟಿಗೆ ಗೆಲುವು.

ಒಂದು ಸಲದ ತಪ್ಪಿನಿಂದ ಏನೂ ಹೇಳಲಾಗದು. ಒಂದು ವಾರ, ಅದೇ ಸ್ಟಾಪ್, ಅದೇ ಟ್ರಿಪ್ ನೋಡಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಪ್ಲೇಟ್ ನಂಬರ್‌ಗಳ ಸಾಲನ್ನು ಮೇಲಿನಿಂದ ಕೆಳಗೆ ಓದಿ. ತಪ್ಪು ಒಂದೇ ಪ್ಲೇಟಿನ ಹಿಂದೆ ಹೋಗುತ್ತಿದ್ದರೆ, ಅಂದರೆ ಆ ಬಸ್ ಬಂದ ದಿನ ಮಾತ್ರ ಆಗುತ್ತಿದ್ದರೆ, ದೋಷ ಅದರ ಡಿವೈಸಿನಲ್ಲಿದೆ. ದಿನಕ್ಕೊಂದು ಬಸ್ ಬಂದರೂ ಆ 8:14ರ ಟ್ರಿಪ್ಪಿಗೇ ತಪ್ಪು ಅಂಟಿಕೊಂಡಿದ್ದರೆ ದೋಷ ಪಟ್ಟಿಯಲ್ಲಿದೆ, ಇಲ್ಲವೇ ಡಿಪೋದ ಹಂಚಿಕೆಯಲ್ಲಿದೆ. ದೂರಿನ ಮೊದಲ ಸಾಲಿನಲ್ಲಿ ಇದನ್ನೇ ಬರೆಯಿರಿ.